ತಲೆಗೆ ಗುರಿಯಿಡುವ ಆಟ

2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ತರುಣನೊಬ್ಬ ಎದುರಾಳಿಯ ಹೊಡೆತಕ್ಕೆ ರಿಂಗ್‌ನಲ್ಲೇ ಕುಸಿದ. ಇನ್ನೂ ಇಪ್ಪತ್ತೈದು ತುಂಬಿರದ ಆ ಯುವಕ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಕುಟುಂಬ ದೂರಿತು. ಪೊಲೀಸ್ ಪ್ರಕರಣವೂ ದಾಖಲಾಯಿತು. ಆ ಹೊಡೆತದ ದೃಶ್ಯವನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು, ಮರುವಾರ ಮರೆತೆವು.

ಇಂತಹ ಸಾವನ್ನು ಆಕಸ್ಮಿಕವೆನ್ನುವುದು ಆತ್ಮವಂಚನೆ. ಕ್ರಿಕೆಟ್‌ನಲ್ಲಿ ಚೆಂಡು ತಲೆಗೆ ಬಡಿದರೆ ಅದು ಆಕಸ್ಮಿಕ. ಇಲ್ಲಿ ತಲೆಯೇ ಗುರಿ, ಎದುರಾಳಿ ಪ್ರಜ್ಞೆ ತಪ್ಪಿ ಬೀಳುವುದೇ ಗೆಲುವು. ಹೊಡೆತಕ್ಕೆ ತಲೆ ತಿರುಗಿದಾಗ ಬುರುಡೆಯೊಳಗೆ ಮೆದುಳು ಅಲುಗಿ ಸೂಕ್ಷ್ಮ ರಕ್ತನಾಳಗಳು ಹರಿಯುತ್ತವೆ. ಸೋರಿದ ರಕ್ತ ಮೆದುಳನ್ನು ಅದುಮತೊಡಗುತ್ತದೆ. ಕೈಗವಸು ಚರ್ಮ ಒಡೆಯುವುದನ್ನು ತಡೆದೀತೇ ಹೊರತು ಈ ಅಲುಗಾಟವನ್ನಲ್ಲ. ಎದ್ದು ನಿಂತು ಮಾತನಾಡಿದವನೂ ಸ್ವಲ್ಪ ಹೊತ್ತಿನ ಬಳಿಕ ಕುಸಿಯಬಹುದು.

1982ರಲ್ಲಿ ಕೊರಿಯಾದ ಕಿಮ್ ದುಕ್ ಕೂ ಸತ್ತ ಬಳಿಕ ಪ್ರಶಸ್ತಿ ಪಂದ್ಯಗಳ ಸುತ್ತುಗಳು 15ರಿಂದ 12ಕ್ಕೆ ಇಳಿದವು. ಮರುವರ್ಷವೇ ವಿಶ್ವ ವೈದ್ಯಕೀಯ ಸಂಘ ಬಾಕ್ಸಿಂಗ್ ನಿಷೇಧಕ್ಕೆ ಕರೆಯಿತ್ತಿತು. ಆದರೇನು? 2025ರ ಆಗಸ್ಟ್ 2ರಂದು ಟೋಕಿಯೊದ ಒಂದೇ ಸಭಾಂಗಣದಲ್ಲಿ ಒಂದೇ ದಿನ ಸೆಣಸಿದ ಇಬ್ಬರು ಜಪಾನೀ ಬಾಕ್ಸರ್‌ಗಳು ಮೆದುಳಿನ ಗಾಯದಿಂದ ಒಂದು ದಿನದ ಅಂತರದಲ್ಲಿ ಮೃತಪಟ್ಟರು. ಅಲ್ಲಿ ವೈದ್ಯರೂ ಇದ್ದರು, ನಿಯಮಗಳೂ ಇದ್ದವು.

ನಮ್ಮ ಮನೆಗಳಲ್ಲಿ ಮುಹಮ್ಮದ್ ಅಲಿಯ ಹೆಸರನ್ನು ಅಭಿಮಾನದಿಂದ ಹೇಳುತ್ತೇವೆ. ಯುದ್ಧಕ್ಕೆ ಹೋಗಲಾರೆನೆಂದು ಕಿರೀಟ ಕಳೆದುಕೊಂಡ ಆ ಧೀರನಿಗೆ ಅಭಿಮಾನ ಸಲ್ಲತಕ್ಕದ್ದೇ. ಆದರೆ ಅಟ್ಲಾಂಟಾದಲ್ಲಿ ಒಲಿಂಪಿಕ್ ಜ್ಯೋತಿ ಬೆಳಗಿದ ಆ ನಡುಗುವ ಕೈಯನ್ನೂ ಮಕ್ಕಳಿಗೆ ತೋರಿಸಬೇಡವೇ? ಕಾದಾಟದಲ್ಲೂ ಮುಖಕ್ಕೆ ಹೊಡೆಯಬಾರದೆಂಬ ಪ್ರವಾದಿವರ್ಯರ(ಸ) ಎಚ್ಚರಿಕೆ ನಮಗೆ ಹೊಸದಲ್ಲ. ಅದೇ ಪ್ರವಾದಿ(ಸ) ರುಕಾನರೊಂದಿಗೆ ಕುಸ್ತಿಯಾಡಿದ್ದನ್ನೂ ಬಲ್ಲೆವು.

ಕುಸ್ತಿಯೆಂದರೆ ನಮ್ಮ ಜಮಖಂಡಿ, ಮುಧೋಳ, ಬನಹಟ್ಟಿಗಳಿಗೆ ಹೇಳಿಕೊಡಬೇಕಾದುದೇನಿಲ್ಲ. ಉರೂಸಿಗೂ ಜಾತ್ರೆಗೂ ಕಣ ಸಜ್ಜಾಗುವ ನಾಡಿದು. ಅಲ್ಲಿ ಕತ್ತು ಉಳುಕುತ್ತದೆ, ಮೂಳೆ ಮುರಿಯುತ್ತದೆ, ಅಪಾಯವೇ ಇಲ್ಲವೆಂದು ನಾವು ಹೇಳೆವು. ಆದರೆ ಬೆನ್ನು ಮಣ್ಣಿಗೆ ತಾಗಿದೊಡನೆ ಆಟ ಮುಗಿಯಿತು. ಸೋತವನು ಮೈಯ ಮಣ್ಣು ಕೊಡವಿಕೊಂಡು ಗೆದ್ದವನ ಕೈ ಕುಲುಕುತ್ತಾನೆ. ಮಕ್ಕಳ ದೇಹ ಬಲವಾಗಲಿ ಎಂಬ ಹೆತ್ತವರ ಆಸೆಗೆ ಗರಡಿಮನೆ ಸಾಲದೇ?

ಕಿಕ್‌ಬಾಕ್ಸಿಂಗ್ ತರಗತಿಗೆ ಈಗಾಗಲೇ ಮಗನನ್ನು ಸೇರಿಸಿದವರು ಕನಿಷ್ಠ ಇಷ್ಟನ್ನಾದರೂ ಕೇಳಲಿ: ಪಂದ್ಯದ ದಿನ ರಿಂಗ್ ಪಕ್ಕದಲ್ಲಿ ವೈದ್ಯರಿರುವರೇ? ಆಂಬುಲೆನ್ಸ್ ಹೊರಗೆ ನಿಂತಿರುವುದೇ? ಆಟ ನಿಲ್ಲಿಸುವ ಅಧಿಕಾರ ಯಾರಿಗೆ? ತಲೆಗೆ ಪೆಟ್ಟು ತಿಂದ ಹುಡುಗನನ್ನು ಎಷ್ಟು ವಾರ ಹೊರಗಿಡುತ್ತಾರೆ? ಮೆದುಳಿನ ಶಸ್ತ್ರಚಿಕಿತ್ಸೆಗೆಂದು ಜಮಖಂಡಿಯಿಂದ ವಿಜಯಪುರಕ್ಕೋ ಬಾಗಲಕೋಟೆಗೋ ಓಡುವಷ್ಟರಲ್ಲಿ ಗಂಟೆಯೇ ಕಳೆದುಹೋಗುತ್ತದೆ. ಇಂತಹ ಗಾಯದಲ್ಲಿ ಆ ಗಂಟೆಯೇ ಪ್ರಾಣ.

ಏನೇ ಆದರೂ ಹೊಣೆ ನಮ್ಮದೇ ಎಂದು ಬರೆಸಿಕೊಳ್ಳುವ ಕಾಗದಕ್ಕೆ ಓದದೆಯೇ ಸಹಿ ಹಾಕುವ ತಂದೆಯಂದಿರಿದ್ದಾರೆ. ಮುಂದಿನ ಸಲ ಆ ಕಾಗದವನ್ನು ಮನೆಗೆ ತಂದು, ಮಗನ ತಾಯಿಯ ಮುಂದೆ ಗಟ್ಟಿಯಾಗಿ ಓದಿ, ಬಳಿಕ ಸಹಿ ಹಾಕಲಿ.