ಚೈನ್ ತುಂಡಾಗೋಕೂ ಮುಂಚೆ

ಚಳಿ ದೇಶಗಳಲ್ಲಿ ಹಿಮಗಾಲಕ್ಕೂ ಮುಂಚೆ ಮನೆ ಹುಲ್ಲುಹಾಸಿನ ಸ್ಪ್ರಿಂಕ್ಲರ್ ಪೈಪಿಗೆ ಕಂಪ್ರೆಸರ್ ಹಚ್ಚಿ, ಒಳಗಿನ ನೀರನ್ನೆಲ್ಲ ಊದಿ ತೆಗೀತಾರೆ. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗಿ ಪೈಪು ಸೀಳುತ್ತೆ. ಹೊಸಪೇಟೆಯಲ್ಲಿ ಹಿಮ ಎಲ್ಲಿಂದ ಬರಬೇಕು ಅಂತ ನಗಬೇಡ್ರಿ. ನಮ್ಮಲ್ಲಿ ಆ ಕೆಲಸವನ್ನು ತುಕ್ಕು, ಹೂಳು, ಉಪ್ಪು ಮಾಡುತ್ತವೆ, ಅದೂ ಸದ್ದಿಲ್ಲದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಹತ್ತಾರು ಟಿಎಂಸಿ ನೀರು ನದಿಪಾಲು. ವಾರದೊಳಗೆ, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದ ತಂಡಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟಲೇಬೇಕಿತ್ತು. ಆದರೆ ಬೇಸಿಗೆಯಲ್ಲಿ ಗ್ರೀಸ್ ಹಚ್ಚಿ, ಚೈನಿನ ಒಂದೊಂದು ಕೊಂಡಿ ನೋಡುವವರಿಗೆ ಯಾರು ತಟ್ಟುತ್ತಾರೆ?

ನಮ್ಮ ಪರೀಕ್ಷೆಗಳೂ ಹಾಗೇ. ಹೊಸ ಗೇಟ್ ಡಿಸೈನ್ ಮಾಡಿದರೆ ಅಂಕ ಐತಿ. ಹಳೇದು ಎಷ್ಟು ಸವೆದಿದೆ ಅಂತ ಅಳೆಯೋಕೆ ಪ್ರಶ್ನೇನೇ ಇಲ್ಲ. ಹಂಪಿಯ ತುರ್ತು ಕಾಲುವೆ ವಿಜಯನಗರ ಕಾಲದ್ದು, ಇವತ್ತಿಗೂ ಗದ್ದೆಗೆ ನೀರುಣಿಸುತ್ತೆ. ಅದನ್ನು ಉಳಿಸಿದ್ದು ಕಟ್ಟಿದವರಷ್ಟೇ ಅಲ್ಲ, ಹೂಳೆತ್ತಿದವರೂ ಹೌದು. ರಿಪೇರಿ ಕೆಲಸ ಎಂಜಿನಿಯರಿಂಗ್ ಅಲ್ಲ ಅನ್ನೋರಿಗೆ ನಮ್ಮ ಉತ್ತರ ಇಷ್ಟೇ.

ಕಂಪ್ಲಿ, ಸಂಡೂರು ಕಡೆಯ ಗೆಳೆಯರೇ, ಈ ರಜೆಯಲ್ಲಿ ಮನೆ ಹೊಲದ ಡ್ರಿಪ್ಪಿನಿಂದಲೇ ಶುರು ಮಾಡೋಣ. ಫಿಲ್ಟರ್ ತೊಳೆದು, ಪೈಪುಗಳ ತುದಿ ಮುಚ್ಚಳ ಬಿಚ್ಚಿ, ತಿಳಿನೀರು ಬರೋತನಕ ಹರಿಬಿಡೋಣ. ಮತ್ತೆ ಮುಚ್ಚಿ, ಮೊದಲ ಮತ್ತು ಕೊನೆಯ ಡ್ರಿಪ್ಪರ್ ಕೆಳಗೆ ಒಂದೊಂದು ಡಬ್ಬಿ ಇಟ್ಟು ಹತ್ತು ನಿಮಿಷದ ನೀರು ಅಳೆಯೋಣ. ಎರಡೂ ಸರಿಸಮ ಇಲ್ಲದಿದ್ದರೆ ಅಪ್ಪನ ಹತ್ರ ಕೂತು ಕಾರಣ ಹುಡುಕೋಣ. ಆ ಲೆಕ್ಕ ಯಾವ ಲ್ಯಾಬಿನಲ್ಲೂ ಸಿಗೋದಿಲ್ಲ.