ಗುರುವ ಆಡದ ಮಾತು

‘ಕಾಂತಾರ: ಚಾಪ್ಟರ್ 1’ ಬಿಡುಗಡೆಯಾದದ್ದು 2025ರ ಅಕ್ಟೋಬರ್ 2ರಂದು. ವಾರ ಕಳೆಯುವುದರೊಳಗೆ, ಮುಖಕ್ಕೆ ಬಣ್ಣ ಬಳಿದು, ಕರಾವಳಿಯವರು ನಂಬುವ ದೈವದ ವೇಷ ತೊಟ್ಟು ಚಿತ್ರಮಂದಿರದಲ್ಲಿ ಕುಣಿದವರ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ದಯವಿಟ್ಟು ದೈವಗಳನ್ನು ಅನುಕರಿಸಬೇಡಿ ಎಂದು ಕೊನೆಗೆ ಚಿತ್ರತಂಡವೇ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ಚಿತ್ರ ಮಾಡಿದವರೇ ಕೈಮುಗಿದು ಕೇಳಿದ ಮೇಲೂ ಇದು ನಿಂತಿಲ್ಲ. ಅದಕ್ಕೇ ಈ ಕರೆ.

ಕಾಂತಾರ ನನಗೆ ಬರೀ ಒಂದು ಸಿನಿಮಾ ಅಲ್ಲ. 2022ರ ಸೆಪ್ಟೆಂಬರ್ 30ರಂದು ಮೊದಲ ಚಿತ್ರ ‘ಕಾಂತಾರ’ ಬಂದಾಗ, ಕುಂದಾಪುರದ ಕನ್ನಡ ಯಾವ ಸಂಕೋಚವೂ ಇಲ್ಲದೆ ತೆರೆಯ ಮೇಲೆ ಮಾತಾಡಿತು. ಕಂಬಳದ ಗದ್ದೆ, ಕಾಡಿನ ಗಡಿಗಾಗಿ ನಡೆಯುವ ಜಗಳ, ಒಡೆಯರ ಮನೆಯ ಚಾವಡಿ, ಇವೆಲ್ಲ ಕರಾವಳಿಯವರಾದ ನಮ್ಮವು. ನಿರ್ದೇಶಕ ರಿಷಬ್ ಶೆಟ್ಟಿ ತಮ್ಮ ಹುಟ್ಟೂರು ಕೆರಾಡಿಯ ಮಣ್ಣಿನಲ್ಲೇ ಅದನ್ನು ಚಿತ್ರಿಸಿದ್ದರು. ಎರಡನೆಯದಾದ ಚಾಪ್ಟರ್ 1 ನೋಡಿ ಹೊರಬಂದಾಗ ಹೆಮ್ಮೆಯೂ ಇತ್ತು, ಕಸಿವಿಸಿಯೂ ಇತ್ತು. ಕದಂಬರ ಕಾಲಕ್ಕೆ ಹೋದ ಕಥೆಯಲ್ಲಿ ಅರಮನೆ, ಬಂದರು, ಯುದ್ಧ ಎಲ್ಲವೂ ಇವೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಕಾಡನ್ನು ತೋರಿಸಿದ ಬಗೆಗೆ ತಲೆಬಾಗಲೇಬೇಕು. ರುಕ್ಮಿಣಿ ವಸಂತ್ ಅವರ ಕನಕವತಿ ಇನ್ನೂ ಕಣ್ಣೆದುರಿಗೇ ಇದ್ದಾಳೆ. ಆದರೂ ಇಷ್ಟೆಲ್ಲ ಅಬ್ಬರದ ನಡುವೆ ನಾನು ಗುರುವನನ್ನು ಹುಡುಕುತ್ತಲೇ ಇದ್ದೆ.

ಗುರುವನನ್ನು ಮರೆತಿದ್ದೇವೆಯೇ? ಮೊದಲ ಚಿತ್ರದಲ್ಲಿ ಕೋಲ ಕಟ್ಟುವ, ಅಂದರೆ ದೈವದ ವೇಷ ತೊಟ್ಟು ಅದರ ನುಡಿ ಹೇಳುವ, ಆ ಮೆದು ಮಾತಿನ ಹುಡುಗ. ಊರವರು ತಮ್ಮ ಭೂಮಿ ಬಿಟ್ಟುಕೊಡಲಿ ಎಂದು ದೈವದ ಬಾಯಿಂದ ಹೇಳಿಸಬೇಕೆಂಬುದು ಒಡೆಯನ ಹಟ. ಗುರುವ ಒಪ್ಪುವುದಿಲ್ಲ, ಅದಕ್ಕಾಗಿಯೇ ಸಾಯುತ್ತಾನೆ. ಕೊನೆಯ ಅಬ್ಬರದ ಹೊಡೆದಾಟವನ್ನು ನೂರು ಸಲ ನೋಡಿದವರು ಈ ದೃಶ್ಯವನ್ನು ಇನ್ನೊಮ್ಮೆ ನೋಡಿ. ಇಡೀ ಚಿತ್ರದ ಜೀವ ಇರುವುದು ಅಲ್ಲಿ. ದೈವದ ನುಡಿಯನ್ನು ಯಾರೂ ಬಾಡಿಗೆಗೆ ಪಡೆಯುವಂತಿಲ್ಲ ಎಂದು ಒಬ್ಬ ಬಡವ ಪ್ರಾಣ ಕೊಟ್ಟು ಹೇಳಿದ. ಅದನ್ನು ನೋಡಿ ಕಣ್ಣೊರೆಸಿಕೊಂಡ ನಾವೇ ಈಗ ರೀಲ್ಸ್‌ಗೆ, ಮದುವೆ ಮೆರವಣಿಗೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಅದೇ ದೈವವನ್ನು ಬಾಡಿಗೆಗೆ ತರುತ್ತಿದ್ದೇವೆ.

ಆ ವೇಷದ ಹಿಂದೆ ಏನಿದೆ ಎಂದು ಒಮ್ಮೆ ಹತ್ತಿರ ಕೂತು ನೋಡಬೇಕು. ಕೋಲ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ವ್ರತ ಹಿಡಿದು, ಎಣ್ಣೆಬೂಳ್ಯ, ಅಂದರೆ ಎಣ್ಣೆ-ವೀಳ್ಯ, ಪಡೆದು, ಮಿಂದು ಬಂದವನು ಒಂದು ಮೂಲೆಯಲ್ಲಿ ಕನ್ನಡಿ ಹಿಡಿದು ಕೂರುತ್ತಾನೆ. ಮುಖಕ್ಕೆ ಅರದಾಳದ ಹಳದಿ ಹಚ್ಚಿ, ಅದರ ಮೇಲೆ ಕಪ್ಪು, ಕೆಂಪಿನ ಗೆರೆ ಎಳೆಯುತ್ತಾ ಹೋಗುತ್ತಾನೆ. ಪಕ್ಕದಲ್ಲಿ ಮನೆಯ ಹೆಂಗಸರು ತೆಂಬರೆ ವಾದ್ಯ ಬಡಿಯುತ್ತಾ ಆ ದೈವದ ಕಥೆ ಹೇಳುವ ಪಾಡ್ದನ ಹಾಡುತ್ತಾರೆ. ಇನ್ನೊಬ್ಬರು ತೆಂಗಿನ ಎಳೆಗರಿ ಸೀಳುತ್ತಿರುತ್ತಾರೆ. ಗಗ್ಗರವೆಂಬ ಕಾಲಂದುಗೆಯನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸಿ, ಅಪ್ಪಣೆ ಪಡೆದ ಮೇಲೆಯೇ ಅದು ಕಾಲಿಗೇರುತ್ತದೆ. ಬೆನ್ನಿಗೆ ಅಣಿ ಎಂಬ ಪ್ರಭಾವಳಿಯ ಭಾರ, ಎದುರಿಗೆ ಬೆಂಕಿ, ಬೆಳಗಿನವರೆಗೂ ಕುಣಿತ. ಪ್ರಾಯ ಕಳೆದ ಮೇಲೆ ಮಂಡಿ, ಸೊಂಟ ಮಾತು ಕೇಳುವುದಿಲ್ಲ. ಹತ್ತು ನಿಮಿಷ ಬಣ್ಣ ಬಳಿದು ಕಿರುಚಿದರೆ ಇದರಲ್ಲಿ ಯಾವುದು ನಮ್ಮದಾದೀತು?

ದೈವ ತೆರೆಯ ಮೇಲೆ ಬರಲೇಬಾರದು ಎನ್ನುವವರಿದ್ದಾರೆ. ಅವರ ನೋವನ್ನು ತಳ್ಳಿಹಾಕಲಾರೆ, ಆದರೆ ನನ್ನ ಪಕ್ಷ ಅದಲ್ಲ. ಮೊದಲ ಚಿತ್ರ ಬಂದ ಕೆಲವೇ ವಾರಗಳಲ್ಲಿ, 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಅಲ್ಲಿಯವರೆಗೆ ಆ ಮುದುಕರನ್ನು ಯಾರು ಕೇಳಿದ್ದರು? ಸಿನಿಮಾಕ್ಕೆ ಅಷ್ಟು ಶಕ್ತಿ ಇದೆ. ಇರುವುದರಿಂದಲೇ ಹೊಣೆಯೂ ಇದೆ.

ಅಭಿಮಾನಿಗಳೇ, ಆ ಬಣ್ಣ ಒರೆಸಿಬಿಡಿ. ನಟನನ್ನು ಮೆಚ್ಚುವುದಕ್ಕೆ ನೂರು ದಾರಿಗಳಿವೆ, ದೈವವನ್ನು ಆಡಿಸುವುದು ಅದರಲ್ಲೊಂದಲ್ಲ. ಶಾಲೆಯ ಅಧ್ಯಾಪಕರೇ, ನಿಮ್ಮ ತರಗತಿಯಲ್ಲೇ ಕೋಲ ಕಟ್ಟುವ ಮನೆಯ ಮಗುವೊಂದು ಕೂತಿರಬಹುದು. ತನ್ನ ಅಪ್ಪ ಉಪವಾಸವಿದ್ದು ತೊಡುವುದನ್ನು ಗೆಳೆಯರು ನಗುತ್ತಾ ತೊಟ್ಟು ಬಹುಮಾನ ಪಡೆಯುವುದನ್ನು ಅದು ಹೇಗೆ ನೋಡೀತು?

ಚಿತ್ರರಂಗದವರೇ, ಚಾಪ್ಟರ್ 1 ಮುಗಿಯುವಾಗ ಮುಂದಿನ ಕಥೆಯ ಸುಳಿವು ಕೊಟ್ಟಿದ್ದೀರಿ. ನಿಮ್ಮನ್ನು ನೋಡಿ ಇನ್ನೆಷ್ಟೋ ಮಂದಿ ದೈವದ ಕಥೆಗೆ ಕೈ ಹಾಕುತ್ತಾರೆ. ಚಿತ್ರಕಥೆ ಕಾಗದದ ಮೇಲಿರುವಾಗಲೇ ಕೋಲ ಕಟ್ಟುವವರನ್ನು ಕರೆದು ಕೂರಿಸಿ, ಅವರು ಬೇಡವೆಂದ ದೃಶ್ಯವನ್ನು ಬಿಡಿ. ನೂರಾರು ಕೋಟಿಯ ಗಳಿಕೆಯಲ್ಲಿ ಒಂದು ಪಾಲು ಅವರ ಚಿಕಿತ್ಸೆಗೆ, ಮಕ್ಕಳ ಓದಿಗೆ ಸಲ್ಲಲಿ. ಈಗಾಗಲೇ ಕೊಟ್ಟಿದ್ದರೆ ಸಂತೋಷ, ಇನ್ನೂ ಕೊಡಿ.

ಇನ್ನು ಕರಾವಳಿಯ ನಮ್ಮವರೇ, ಹೊರಗಿನವರ ಕಡೆ ಬೆರಳು ತೋರಿಸುವುದು ಸುಲಭ. ರಾತ್ರಿ ಯಾರ ಎದುರು ಕೈಮುಗಿದು ನ್ಯಾಯ ಕೇಳುತ್ತೇವೋ, ಬೆಳಗ್ಗೆ ಬಣ್ಣ ತೊಳೆದ ಅದೇ ಮನುಷ್ಯನನ್ನು ಅಂಗಳದಾಚೆ ನಿಲ್ಲಿಸುವ ಮನೆಗಳು ನಮ್ಮಲ್ಲಿ ಇಲ್ಲವೇ? ಇದಕ್ಕಿಂತ ದೊಡ್ಡ ಅಪಚಾರ ಯಾವ ರೀಲ್ಸ್‌ನಲ್ಲಿದೆ? ಕೋಲದ ಋತು ಮುಗಿಯುವ ಪತ್ತನಾಜೆಗೆ ಗಗ್ಗರ ಒಳಗಿಡುವ ಮುನ್ನ ನಿಮ್ಮೂರ ದೈವದ ನೇಮೋತ್ಸವಕ್ಕೆ ಹೋಗಿ, ಫೋನ್ ಜೇಬಿನಲ್ಲಿಟ್ಟು ಬೆಳಗಿನವರೆಗೆ ಕೂತಿರಿ. ಬಣ್ಣ ಕಳಚಿ ಬಂದವರನ್ನು ಹೆಸರು ಹಿಡಿದು ಕರೆಯಿರಿ, ನಿಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. ಯಾರಾದರೂ ಮುಖ ಸಿಂಡರಿಸಿದರೆ, ಅವರ ಎದುರಿನ ಎಲೆಗೇ ಕೂರಿಸಿ.