ಕಳ್ಳನಿಗೆ ಬೇಲಿ ಹಾಕೋಣ, ಗಿರಾಕಿಗೆ ಬೇಡ

ಕಾಫಿ ಪುಡಿಯನ್ನು ನೇರವಾಗಿ ಗ್ರಾಹಕರಿಗೆ ಮುಟ್ಟಿಸುವ ಉದ್ದೇಶದಿಂದ ಸಂಘವು ಅಂತರ್ಜಾಲದಲ್ಲಿ ಜಾಹೀರಾತು ಕೊಡುತ್ತಿರುವುದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಇದರ ಲೆಕ್ಕ ಪತ್ರಿಕೆಯ ಜಾಹೀರಾತಿನಂತಲ್ಲ. ಯಾರಾದರೂ ಅದನ್ನು ಒತ್ತಿದ ಪ್ರತಿ ಸಲವೂ ನಾವು ಹಣ ತೆರಬೇಕು. ಕೊಳ್ಳುವ ಮನಸ್ಸಿನಿಂದ ಒತ್ತಿದರೂ ಅಷ್ಟೇ, ನಮ್ಮ ಹಣ ಕರಗಲೆಂದು ಒತ್ತಿದರೂ ಅಷ್ಟೇ. ಕಳೆದ ತಿಂಗಳು ಕೆಲವು ದಿನ, ಇಡೀ ದಿನಕ್ಕೆಂದು ಇಟ್ಟ ಹಣ ಬೆಳಗಿನ ತಿಂಡಿಯ ಹೊತ್ತಿಗೇ ಮುಗಿದಿತ್ತು. ಒಂದು ಪೊಟ್ಟಣಕ್ಕೂ ಬೇಡಿಕೆ ಬಂದಿರಲಿಲ್ಲ.

ಇದನ್ನು ಕೇಳಿದ ಕೆಲವು ಸದಸ್ಯರು, ಒತ್ತಿದವರ ಐಪಿ ವಿಳಾಸಗಳ ಇಡೀ ಸಾಲನ್ನೇ ಮುಚ್ಚಿಬಿಡಿ ಎಂದು ಸಭೆಯಲ್ಲಿ ಒತ್ತಾಯಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವಂತಾಗಬಾರದು ಎಂಬುದು ನಮ್ಮ ಅಭಿಪ್ರಾಯ.

ಐಪಿ ವಿಳಾಸವೆಂದರೆ ಅಂತರ್ಜಾಲಕ್ಕೆ ಸೇರಿದ ಯಂತ್ರಕ್ಕೆ ಕೊಟ್ಟ ಅಂಕಿಗಳ ಗುರುತು. ನಾಲ್ಕು ಅಂಕಿಗಳ ಹಳೆಯ ಪದ್ಧತಿಯಲ್ಲಿ ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಅವು ಸಾಲದೆ, ಮೊಬೈಲ್ ಕಂಪನಿಗಳು ಹಲವಾರು ಚಂದಾದಾರರನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಇಂದು ಒಬ್ಬನ ಫೋನಿಗಿದ್ದ ವಿಳಾಸ ನಾಳೆ ಇನ್ನೊಬ್ಬನದಾಗುತ್ತದೆ. ಗೂಗಲ್ ಜಾಹೀರಾತಿನಲ್ಲಿ ಒಂದು ಪ್ರಚಾರಕ್ಕೆ 500 ವಿಳಾಸಗಳ ತನಕ ನಮೂದಿಸಿ ಮುಚ್ಚಬಹುದು. ಕೊನೆಯ ಅಂಕಿಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಒಂದೇ ಏಟಿಗೆ 256 ವಿಳಾಸಗಳು ಮುಚ್ಚಿಹೋಗುತ್ತವೆ. ಅವು ಮೊಬೈಲ್ ಕಂಪನಿಯವಾದರೆ ಮೋಸಗಾರ ಬೇರೆ ವಿಳಾಸದಿಂದ ಬರುತ್ತಾನೆ. ಹೊರಗುಳಿಯುವವರು ಕಾಫಿ ಕೊಳ್ಳಲು ಬಂದ ಜನ. ಅಡಿಕೆ ಕಳುವಾಯಿತೆಂದು ಊರ ಕಾಲುದಾರಿಗೇ ಬೇಲಿ ಹಾಕಿದರೆ ಕೊಯ್ಲಿನವರು ತೋಟಕ್ಕೆ ಬರುವುದು ಹೇಗೆ?

ಅಮೆರಿಕದಲ್ಲಿ ನಡೆದ ಎರಡು ಪ್ರಕರಣಗಳು ಇಲ್ಲಿ ಪಾಠವಾಗಬಲ್ಲವು. 2016ರಲ್ಲಿ ಬಯಲಾದ ಮೆತ್‌ಬಾಟ್ ಎಂಬ ಜಾಲದವರು 6,50,000ಕ್ಕೂ ಹೆಚ್ಚು ವಿಳಾಸಗಳನ್ನು ಬಾಡಿಗೆಗೆ ಪಡೆದು, ಅವು ಮನೆಗಳ ವಿಳಾಸವೆಂಬಂತೆ ತೋರಿಸಿ, ಬಾಡಿಗೆ ಕಂಪ್ಯೂಟರುಗಳಿಂದ ಜಾಹೀರಾತು ನೋಡಿದಂತೆ ನಟಿಸಿ ಹಣ ದೋಚಿದ್ದರು. ಅಲ್ಲಿ ನಿಜವಾದ ಗಿರಾಕಿ ಒಬ್ಬನೂ ಇರಲಿಲ್ಲ. ಆದ್ದರಿಂದ ಪತ್ತೆ ಹಚ್ಚಿದವರು ವಿಳಾಸಗಳ ಪಟ್ಟಿ ಪ್ರಕಟಿಸಿದಾಗ ಸಾಲುಗಟ್ಟಲೆ ಮುಚ್ಚಿದ್ದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ 2018ರಲ್ಲಿ ಹೊರಬಿದ್ದ ಇನ್ನೊಂದು ಜಾಲ 17 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಸೋಂಕು ಹತ್ತಿಸಿ, ಅವುಗಳ ಮಾಲೀಕರಿಗೆ ಅರಿವಿಲ್ಲದಂತೆ ಅವುಗಳಿಂದಲೇ ಕೆಲಸ ಮಾಡಿಸಿತ್ತು. ಆ ವಿಳಾಸಗಳನ್ನು ಮುಚ್ಚುವುದೆಂದರೆ ನಿಜವಾದ ಮನೆಗಳ ಬಾಗಿಲನ್ನೇ ಮುಚ್ಚಿದಂತೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಬಾಡಿಗೆ ಕಂಪ್ಯೂಟರುಗಳ ಕೇಂದ್ರದ್ದೆಂದು ಖಚಿತವಾದ ಸಾಲನ್ನು ನಿಸ್ಸಂಕೋಚವಾಗಿ ಮುಚ್ಚೋಣ. ಒಂದೇ ಸ್ಥಿರ ವಿಳಾಸದಿಂದ ಮತ್ತೆ ಮತ್ತೆ ಒತ್ತುತ್ತಿದ್ದರೆ ಅದೊಂದನ್ನೇ ಮುಚ್ಚಿ, ಕೆಲವು ತಿಂಗಳ ನಂತರ ಪುನಃ ಪರಿಶೀಲಿಸೋಣ. ಮೊಬೈಲ್ ಕಂಪನಿಯ ಸಾಲುಗಳನ್ನು ಮುಟ್ಟುವುದು ಬೇಡ. ಪಾರ್ಸೆಲ್ ಕಳಿಸಲು ಸಾಧ್ಯವಿರುವ ಊರುಗಳಿಗೆ ಮಾತ್ರ ಜಾಹೀರಾತು ಕಾಣುವಂತೆ ಮಾಡಿ, ದಿನದ ಖರ್ಚಿನ ಮಿತಿಯನ್ನು ಬಿಗಿ ಹಿಡಿದರೆ ಆಗುವ ನಷ್ಟಕ್ಕೂ ಮಿತಿ ಇರುತ್ತದೆ.

ಇನ್ನೊಂದು ಮಾತು. ಅಕ್ರಮವೆಂದು ಕಂಡ ಒತ್ತುಗಳನ್ನು ಗೂಗಲ್ ತಾನೇ ಲೆಕ್ಕದಿಂದ ಕಳೆಯುತ್ತದೆ. ತಪ್ಪಿಹೋದದ್ದಕ್ಕೆ ತನಿಖೆ ಕೇಳುವ ಅವಕಾಶವೂ ಇದೆ. 2006ರಲ್ಲಿ ಜಾಹೀರಾತುದಾರರು ಒಟ್ಟಾಗಿ ಹೂಡಿದ ದಾವೆಯನ್ನು ಆ ಕಂಪನಿ 9 ಕೋಟಿ ಡಾಲರ್ ತನಕ ಕೊಡಲೊಪ್ಪಿ ರಾಜಿ ಮಾಡಿಕೊಂಡಿತು. ಬಿಲ್ಲನ್ನು ಓದದೆ ಹಣ ಕಟ್ಟುವವನಿಗೆ ಯಾರೂ ಹಣ ಹಿಂದಿರುಗಿಸುವುದಿಲ್ಲ.

ಕಡೆಯದಾಗಿ, ದಾಖಲೆ ಹುಡುಕಿದಾಗ ಅನುಮಾನದ ವಿಳಾಸಗಳಲ್ಲಿ ನಮ್ಮ ಕಚೇರಿಯದೂ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ. ಜಾಹೀರಾತು ಹೇಗೆ ಕಾಣುತ್ತದೆಂಬ ಕುತೂಹಲದಿಂದ ನಾವೇ ಒತ್ತಿ ನೋಡಿದ್ದೆವು! ಮೊದಲು ಮುಚ್ಚಿದ್ದು ಅದನ್ನೇ. ಸದಸ್ಯರೂ ಸಂಘದ ಜಾಹೀರಾತನ್ನು ನೋಡಿ ಸಂತೋಷಪಡಲಿ, ಒತ್ತುವುದು ಬೇಡ. ವಿಳಾಸ, ವೇಳೆ, ಬಂದ ಬೇಡಿಕೆ ಇವಿಷ್ಟನ್ನೂ ಬರೆದಿಡುವ ಪುಸ್ತಕವೊಂದನ್ನು ಕಚೇರಿಯಲ್ಲಿ ತೆರೆದಿದ್ದೇವೆ. ಮುಂದಿನ ಸಭೆಗೆ ಮೊದಲು ಅದನ್ನೊಮ್ಮೆ ನೋಡಿ, ನಂತರ ತೀರ್ಮಾನಿಸಬೇಕೆಂದು ವಿನಂತಿ.